ಧಾರೆಗೆ ಇಟ್ಟ ಹೆಸರು

“ಈ ನಂದಿನಿ ಅನ್ನಾಕಿ ಯಾರ್ರಿ?” ಎಂದು ವಾಣಿಶ್ರೀ ಕೇಳಿದಾಗ ರವೀಂದ್ರ ಮೇಜಿನ ಕಡೆ ನೋಡಿದ.

ಮೇಜಿನ ಮೇಲೆ ಅವನ ಮದುವೆಯ ಆಲ್ಬಂ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಲಗ್ನಪತ್ರಿಕೆ, ಹೆಂಡತಿಯ ಪಾಸ್‌ಪೋರ್ಟಿನ ಜೆರಾಕ್ಸ್, ಥಾಯ್ ಭಾಷೆಯ ಮರಣಪತ್ರ, ಅದರ ಇಂಗ್ಲಿಷ್ ಅನುವಾದ. ವಿಮಾನದಲ್ಲಿ ಮೇಲಿನ ಗೂಡಿಗೂ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡು ತಂದ ಫೈಲು ಅದು. ಸಿದ್ದಾಪುರದ ಈ ನೋಂದಣಿ ಕಚೇರಿಗೆ ಹಾವೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ವಾಣಿಶ್ರೀ ಒಂದೊಂದೇ ಕಾಗದವನ್ನು ಎತ್ತಿ ನೋಡಿ, ಎತ್ತಿದ ಜಾಗದಲ್ಲೇ ಇಡುತ್ತಿದ್ದಳು. ಕೆಟ್ಟ ಹೆಂಗಸಲ್ಲ. ಸಿಡುಕುವವಳೂ ಅಲ್ಲ. ಸಿಡುಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

“ನನ್ನ ಹೆಂಡತಿ” ಎಂದ ಕಡೆಗೆ.

“ಮತ್ತ ಪಾಸ್‌ಪೋರ್ಟ್‌ನ್ಯಾಗ ಸುಪಾಪೊರ್ನ್ ಅಂತ ಐತಿ. ಪತ್ರಿಕೆದಾಗ ನಂದಿನಿ, ತ್ಯಾಗಲಿ ರಘುಪತಿ ಹೆಗಡೆಯವರ ಮಗಳು ಅಂತ ಐತಿ. ಯಾವುದು ಖರೆ ಹಿಡೀಲಿ?”

ಎರಡೂ ಖರೆ ಎಂದು ಹೇಗೆ ಹೇಳುವುದು? ಒಂಬತ್ತು ವರ್ಷದ ಹಿಂದೆ ಚಿಯಾಂಗ್ ಮಾಯ್‌ನಿಂದ ಹುಡುಗಿಯನ್ನು ಕರೆದುಕೊಂಡು ಬಂದು ಮದುವೆಯಾಗುತ್ತೇನೆಂದಾಗ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಆದರೆ ಗೋತ್ರವಿಲ್ಲದ ಹುಡುಗಿಯನ್ನು ಧಾರೆ ಎರೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೂ ದಾರಿ ಇತ್ತು. ನಮ್ಮವರಲ್ಲಿ ದಾರಿ ಇಲ್ಲದ ಶಾಸ್ತ್ರ ಯಾವುದಿದೆ? ಮಕ್ಕಳಿಲ್ಲದ ರಘುಪತಿ ಹೆಗಡೆ, ಸೀತಕ್ಕ ದಂಪತಿ ಬೆಳಿಗ್ಗೆ ಎಂಟಕ್ಕೆ ಅವಳನ್ನು ದತ್ತು ತೆಗೆದುಕೊಂಡರು. ತಮ್ಮ ಗೋತ್ರ ಕೊಟ್ಟು ನಂದಿನಿ ಎಂದು ಹೆಸರಿಟ್ಟರು. ಹನ್ನೊಂದಕ್ಕೆ ಧಾರೆ ಎರೆದು ಕೊಟ್ಟರು. ಮೂರು ತಾಸಿನ ಮಗಳು ಎಂದು ಊರವರು ತಮಾಷೆ ಮಾಡಿದ್ದರು. ಲಗ್ನಪತ್ರಿಕೆಯಲ್ಲೂ, ಮಂಟಪದ ರಿಜಿಸ್ಟರಿನಲ್ಲೂ, ಬಾಳೆಕಂಬದ ನಡುವಿನ ಬೋರ್ಡಿನಲ್ಲೂ ಅದೇ ಹೆಸರು. ಹೆತ್ತ ತಾಯಿ ಜನ್ಮದಲ್ಲಿ ಮೊದಲ ಸಲ ವಿಮಾನ ಹತ್ತಿ ಬಂದಿದ್ದಳು. ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬೇರೆ ಹೆಂಗಸೊಬ್ಬಳು ತನ್ನ ಮಗಳ ಕೈಗೆ ನೀರು ಬಿಡುವುದನ್ನು ನೋಡಿ ಕೈ ಮುಗಿದಿದ್ದಳು. ಆಲ್ಬಮ್ಮಿನ ಒಂದೇ ಒಂದು ಫೋಟೋದಲ್ಲಿ ಅವಳಿದ್ದಾಳೆ, ಅದೂ ಅರ್ಧ.

ವಾಣಿಶ್ರೀ ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ಆಲ್ಬಂ ತಿರುವಿ, ಬಹಳ ಚೆಂದ ಇದ್ದರು ಎಂದಳು. ಆಮೇಲೆ, ನೋಂದಣಿ ಮಾಡಬೇಕಿದ್ದರೆ ಗಂಡ ಹೆಂಡತಿ ಇಬ್ಬರೂ ಎದುರಿಗೆ ಬಂದು ಸಹಿ ಹಾಕಬೇಕೆಂದೂ, ಇದು ಕೋರ್ಟಿಗೆ ಹೋಗದೆ ಬಗೆಹರಿಯುವಂಥದ್ದಲ್ಲವೆಂದೂ, ಅಲ್ಲಿಗೆ ಹೋದರೂ ಎರಡು ಹೆಸರು ಒಬ್ಬಳದೇ ಎಂದು ತೋರಿಸುವ ಕಾಗದ ಕೇಳುತ್ತಾರೆಂದೂ ನಿಧಾನವಾಗಿ ವಿವರಿಸಿದಳು. ಅರ್ಜಿಯ ಒಂದು ಖಾಲಿ ಗೆರೆಯ ಮೇಲೆ ಪೆನ್ನಿಟ್ಟು, “ಹಡೆದ ತಾಯಿ ಹೆಸರು ಬರದಿಲ್ರಿ ನೀವು” ಎಂದಳು. ಕೇಳಿ ಬರೆಯುತ್ತೇನೆ ಎಂದು ಅವನು ಫೈಲು ಕಟ್ಟಿದ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತನ್ನದೂ ಅದೇ ಕಥೆ ಎಂಬುದು ರವೀಂದ್ರನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಚಿಯಾಂಗ್ ಮಾಯ್‌ನ ರೆಸಾರ್ಟೊಂದರಲ್ಲಿ ಯೋಗ ಕಲಿಸಿಕೊಂಡಿದ್ದ. ಅಲ್ಲಿ ಪರದೇಶಿ ಎಂದರೆ ಕಾಗದದ ಮೇಲೆ ಬದುಕುವವನು. ತೊಂಬತ್ತು ದಿನಕ್ಕೊಮ್ಮೆ ಇಂಥ ಮನೆಯಲ್ಲಿ ಇದ್ದೇನೆ ಎಂದು ಹಾಜರಿ ಹಾಕಬೇಕು. ವರ್ಷಕ್ಕೊಮ್ಮೆ ಬೆಳಿಗ್ಗೆ ಆರಕ್ಕೇ ಹೋಗಿ ವೀಸಾದ ಪಾಳಿ ಹಚ್ಚಬೇಕು. ಮನೆ ಬದಲಿಸಿದರೆ ಮಾಲೀಕಳು ತಿಳಿಸಬೇಕು. ಆ ಕಾಗದವನ್ನೆಲ್ಲ ತುಂಬುತ್ತಿದ್ದವಳು ನೊಯ್. ಸುಪಾಪೊರ್ನ್ ಎಂಬ ಹೆಸರು ಸರಕಾರಕ್ಕೆ, ನೊಯ್ ಎಂಬುದು ಮನೆಗೆ. ಅಲ್ಲಿ ಎಲ್ಲರಿಗೂ ಹೀಗೆ ಎರಡೆರಡು. ಅವನಿಗೆ ಥಾಯ್ ಮಾತು ಬಂದಿತ್ತು, ಅಕ್ಷರ ಬಂದಿರಲಿಲ್ಲ. ಮೀನಿನ ರಸ ಹಾಕಬೇಡ ಎಂದು ಬೀದಿಬದಿಯ ಅಂಗಡಿಯವಳಿಗೆ ಹೇಳುವಷ್ಟು, ಮಗಳ ಜ್ವರವನ್ನು ಡಾಕ್ಟರಿಗೆ ವಿವರಿಸುವಷ್ಟು ಸಾಕೆಂದುಕೊಂಡಿದ್ದ.

ನೊಯ್ ಮೂರು ಸಲ ಕೇಳಿದ್ದಳು. ಇಲ್ಲಿಯ ತಾಲೂಕು ಕಚೇರಿಗೆ ಹೋಗಿ ಮದುವೆ ಬರೆಸಿ ಬರೋಣ, ಇಬ್ಬರು ಸಾಕ್ಷಿ ಸಾಕು, ಅರ್ಧ ತಾಸಿನ ಕೆಲಸ. ಮೂರು ಸಲವೂ ಅವನು ನಕ್ಕಿದ್ದ. ಅಗ್ನಿಯೇ ಸಾಕ್ಷಿಯಾಗಿ ಏಳು ಹೆಜ್ಜೆ ನಡೆದದ್ದಾಗಿದೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬುದನ್ನು ಹೇಗೋ ಥಾಯ್‌ನಲ್ಲಿ ತಿಳಿಸಿ ಹೇಳಿದ್ದ. ಸೋಮಾರಿತನವೂ ಇತ್ತು, ಸುಳ್ಳೇಕೆ? ಆದರೆ ಹೆಚ್ಚಿನದು ಹೆಮ್ಮೆ. ತಮ್ಮ ಮದುವೆಗೆ ಯಾವನೋ ಗುಮಾಸ್ತ ಮುದ್ರೆ ಒತ್ತಬೇಕೇ ಎಂಬ ಹೆಮ್ಮೆ.

ಏಳು ತಿಂಗಳ ಹಿಂದೆ ನೊಯ್‌ಳ ಸ್ಕೂಟರಿಗೆ ಪಿಕಪ್ ಗಾಡಿ ಗುದ್ದಿತು. ಆಸ್ಪತ್ರೆಯ ಫಾರಮ್ಮಿಗೆ ಅವನು ಸಹಿ ಹಾಕಲು ಹೋದಾಗ ನರ್ಸು ಬಹಳ ನಯವಾಗಿ ಪೆನ್ನು ಹಿಂದಕ್ಕೆ ತೆಗೆದುಕೊಂಡು ತಾಯಿ ಎಷ್ಟೊತ್ತಿಗೆ ಬರುತ್ತಾರೆ ಎಂದು ಕೇಳಿದಳು. ಖೋನ್ ಕೇನ್ ಹತ್ತಿರದ ಹಳ್ಳಿಯಿಂದ ತಾಯಿ ಹತ್ತು ತಾಸು ಬಸ್ಸಿನಲ್ಲಿ ಬಂದಳು. ಅವಳು ಸಹಿ ಹಾಕಿದ ಮೇಲೆಯೇ ದೇಹ ಹೊರಗೆ ಬಂತು. ವಿಹಾರದಲ್ಲಿ ದಹನವಾಯಿತು. ಮಗಳು ಅಭಿಜ್ಞಾ, ಅಲ್ಲಿನವರ ಬಾಯಲ್ಲಿ ಫಾ, ಆರು ವರ್ಷದವಳು. ಯಾಯ್, ಅಂದರೆ ಅಮ್ಮಮ್ಮ, ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಎಂದಳು. ಅವನೂ ಇರಲಿ ಎಂದ. ಯಾರೂ ಯಾರ ಕೈಯಿಂದಲೂ ಕಸಿದುಕೊಳ್ಳಲಿಲ್ಲ.

ಶಾಲೆ ಶುರುವಾಗುವ ಹೊತ್ತಿಗೆ ಮಗಳನ್ನು ಕರೆತರಲು ಹೋದಾಗ ಯಾಯ್ ಅನ್ನ ಬಡಿಸಿ, ಕೂಸು ಇಲ್ಲೇ ಹೊಂದಿಕೊಂಡಿದೆ ಎಂದಳು. ಅಲ್ಲಿಯ ಕಚೇರಿಗೆ ಹೋದ. ಅಧಿಕಾರಿ ಗ್ಲಾಸಿನಲ್ಲಿ ತಣ್ಣೀರು ಕೊಟ್ಟು ನಕ್ಕು ಮಾತಾಡಿದ. ಜನನಪತ್ರದಲ್ಲಿ ತಂದೆಯ ಹೆಸರಿದೆ, ಹೌದು; ಹೆಸರು ಬೇರೆ, ಹಕ್ಕು ಬೇರೆ. ಮದುವೆ ದಾಖಲಾಗದಿದ್ದರೆ ಮಗು ತಾಯಿಯದು ಮಾತ್ರ. ತಾಯಿ ಒಪ್ಪಿ ಸಹಿ ಹಾಕಿದ್ದರೆ ಸರಿಮಾಡಬಹುದಿತ್ತು. ಈಗ ಕೋರ್ಟೇ ಹೇಳಬೇಕು. ನಿಮ್ಮ ದೇಶದಲ್ಲಿ ಮದುವೆಯಾದ ಕಾಗದ ಇದ್ದರೆ ತನ್ನಿ ಎಂದು ಅವನು ಅಲ್ಲಿ ಹಿಡಿದ ವಕೀಲೆ ಹೇಳಿದಳು. ಮಗಳಿಗಾಗಿ ಹಾಕಿದ ಅರ್ಜಿಯ ವಿಚಾರಣೆ ಖೋನ್ ಕೇನ್ ಕೋರ್ಟಿನಲ್ಲಿ ಹದಿನೆಂಟನೇ ತಾರೀಖಿಗೆ. ಇವತ್ತು ಒಂಬತ್ತು.

ಕಚೇರಿಯಿಂದ ಹೊರಬಿದ್ದವನು ಮದುವೆ ಮಾಡಿಸಿದ್ದ ಅನಂತಮೂರ್ತಿ ಭಟ್ಟರ ಮನೆಗೆ ಬೈಕು ತಿರುಗಿಸಿದ. ಭಟ್ಟರು ಊಟ ಮಾಡಿ ಎದ್ದಿದ್ದರು. ವಿಷಯ ತಿಳಿದವರೇ ಹಳೆಯ ಪಂಚಾಂಗ ತೆಗೆದು, ಸಂವತ್ಸರ ತಿಥಿ ನಕ್ಷತ್ರ ಸಮೇತ ಮುತ್ತಿನಂಥ ಅಕ್ಷರದಲ್ಲಿ ಪತ್ರ ಬರೆದುಕೊಟ್ಟರು. ಹೆಗಡೆಯವರ ಪುತ್ರಿ ಚಿರಂಜೀವಿ ಸೌಭಾಗ್ಯವತಿ ನಂದಿನಿಯನ್ನು ರವೀಂದ್ರನಿಗೆ ಅಗ್ನಿಸಾಕ್ಷಿಯಾಗಿ ಧಾರೆ ಎರೆದು ಕೊಟ್ಟದ್ದು ಸತ್ಯ. ಕೆಳಗೆ ಸಹಿ. ಅವನು ಓದಿ, ಇದರಲ್ಲಿ ಸುಪಾಪೊರ್ನ್ ಎಂಬ ಹೆಸರನ್ನೂ ಸೇರಿಸಬೇಕಿತ್ತು, ಅವಳ ಹೆತ್ತವರ ಹೆಸರೂ ಬೇಕಿತ್ತು ಎಂದ.

ಭಟ್ಟರು ಕನ್ನಡಕ ತೆಗೆದರು. “ಸಂಕಲ್ಪದಲ್ಲಿ ಹೇಳಿದ ಹೆಸರನ್ನೇ ಬರೆಯವು ತಮಾ. ಹೇಳದ್ದೆ ಇದ್ದದ್ದು ಬರೆದ್ರೆ, ಹೇಳಿದ್ದಕ್ಕೂ ಬೆಲೆ ಇಲ್ಲೆ.”

ಸುಳ್ಳು ಬರೆಯಿರಿ ಎಂದು ಅವನು ಕೇಳಿರಲಿಲ್ಲ. ಆದರೆ ಸುಳ್ಳು ಯಾವುದು, ನಿಜ ಯಾವುದು ಎಂದು ವಾದಿಸುವ ತ್ರಾಣವೂ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೂತು, ಹೆಸರು ಬದಲಿಸಿದರೆ ಎಲ್ಲ ಸಲೀಸು ಎಂದು ಭಟ್ಟರು ಅಂದಾಗ, ನಂದಿನಿ ಎಂಬ ಹೆಸರನ್ನು ಆರಿಸಿದವನು ಅವನೇ. ಭಟ್ಟರು ಬಾಗಿಲತನಕ ಬಂದು, ಸ್ವರ್ಣವಲ್ಲಿ ಮಠಕ್ಕೆ ಹೋಗಿ ಕೇಳಿ ನೋಡು, ಅಲ್ಲಿ ತಿಳಿದವರಿದ್ದಾರೆ ಎಂದರು. ಅಲ್ಲಿ ಕೊಟ್ಟರೂ ಆಶೀರ್ವಾದ ಕೊಟ್ಟಾರು, ಖೋನ್ ಕೇನ್ ಕೋರ್ಟಿನಲ್ಲಿ ಅದನ್ನು ಓದುವವರು ಯಾರು?

ತ್ಯಾಗಲಿಯಲ್ಲಿ ಸೀತಕ್ಕ ಒಬ್ಬಳೇ ಇದ್ದಳು. ರಘುಪತಿ ಹೆಗಡೆ ಶಿರಸಿಗೆ ಹೋಗಿದ್ದರು. ಅವನನ್ನು ಕಂಡದ್ದೇ ಅವಳ ಕಣ್ಣು ತುಂಬಿತು. ನೊಯ್ ಹೋದ ಸುದ್ದಿ ಬಂದ ದಿನ, ಕೊಟ್ಟ ಮಗಳಿಗೆ ಮೂರು ದಿನ ಎಂದು ಸೂತಕ ಹಿಡಿದವಳು ಅವಳು. ಊರಲ್ಲಿ ಕೆಲವರು ನಕ್ಕಿದ್ದರಂತೆ. ನಕ್ಕುಕೊಳ್ಳಲಿ. ಕಷಾಯ ಕೊಟ್ಟು, ಭಟ್ಟರ ಪತ್ರವನ್ನು ತಾನೂ ಓದಿ, ಹಂಗಾದರೆ ತಾನೇ ಬಂದು ಕೋರ್ಟಿನಲ್ಲಿ ಹೇಳುತ್ತೇನೆ ಎಂದಳು. ಮಗಳನ್ನು ಕೊಟ್ಟವಳು ತಾನು, ತನ್ನ ಮಾತಿಗಿಂತ ಸಾಕ್ಷಿ ಬೇಕೇ? ಪಾಸ್‌ಪೋರ್ಟ್ ಮಾಡಿಸಲು ಎಷ್ಟು ದಿನ ಬೇಕು ಎಂದು ಗಂಭೀರವಾಗಿಯೇ ಕೇಳಿದಳು. ಅವನಿಗೆ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಆದರೆ ನೊಯ್‌ಳ ತಾಯಿ ಸೀತಕ್ಕನೇ ಎಂದು ಕೋರ್ಟು ನಂಬಿದರೆ ಯಾಯ್ ಯಾರೂ ಅಲ್ಲ ಎಂದಾಗುತ್ತದೆ, ಯಾಯ್ ಯಾರೂ ಅಲ್ಲ ಎಂದು ಅಲ್ಲಿ ಹೇಳುವುದು ಸಾಧ್ಯವೇ ಇಲ್ಲ ಎಂದು ಬಿಡಿಸಿ ಹೇಳಿದ.

ಸೀತಕ್ಕ ಪತ್ರವನ್ನು ಮಡಚಿ ಅವನ ಕೈಗಿಟ್ಟಳು. ಆಮೇಲೆ, “ಹೌದು, ಅದರ ಆಯಿ ಹೆಸರು ಎಂತು? ಆನು ಆವತ್ತೇ ಕೇಳಕಾಗಿತ್ತು. ಕೇಳಿದ್ನೇ ಇಲ್ಲೆ” ಎಂದಳು.

ರವೀಂದ್ರ ಬಾಯಿ ತೆರೆದ. ಯಾಯ್‌ಗೆ ಯಾವ ಸೊಪ್ಪಿನ ಸಾರು ಇಷ್ಟ, ಯಾವ ಮೊಣಕಾಲು ನೋವು, ಯಾವ ವಾರ ವಿಹಾರಕ್ಕೆ ಅನ್ನ ಒಯ್ಯುತ್ತಾಳೆ, ಎಲ್ಲ ಗೊತ್ತಿತ್ತು. ಮಗಳು ಹುಟ್ಟುವ ತನಕ ಅಮ್ಮ ಎಂದು ಕರೆದಿದ್ದ, ಹುಟ್ಟಿದ ಮೇಲೆ ಯಾಯ್ ಎಂದು. ಆಸ್ಪತ್ರೆಯ ಫಾರಮ್ಮಿನಲ್ಲಿ ಅವಳ ಸಹಿ ನೋಡಿದ್ದ. ಅದು ಅವನು ಓದಲಾರದ ಅಕ್ಷರದಲ್ಲಿತ್ತು. ಹನ್ನೊಂದು ವರ್ಷ.

“ಗೊತ್ತಿಲ್ಲೆ ಸೀತಕ್ಕ” ಎಂದ.

“ಹಂಗಾರೆ ಈಗ ಕೇಳು” ಎಂದಳು ಸೀತಕ್ಕ.

ಆಗ ನಾಲ್ಕು ಗಂಟೆ. ಅಲ್ಲಿ ಐದೂವರೆ, ಶಾಲೆ ಬಿಟ್ಟು ಫಾ ಮನೆಗೆ ಬಂದಿರುವ ಹೊತ್ತು. ವಿಡಿಯೋ ಕಾಲ್ ಹಚ್ಚಿದ. ಮೊದಲ ತಿಂಗಳುಗಳಲ್ಲಿ ಅವನ ಮುಖ ಕಂಡರೆ ಸಾಕು, ಮಗಳು ಓಡಿಬಂದು ಫೋನಿಗೆ ಮೂಗು ಒತ್ತುತ್ತಿದ್ದಳು. ಅಲ್ಲಿ ಮುದ್ದು ಎಂದರೆ ಹಾಗೆ, ಮೂಗಿನಿಂದ ಮೂಸುವುದು. ಪರದೆ ಪೂರ್ತಿ ಕತ್ತಲಾಗಿ, ಅವಳ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಈಚೆಗೆ ಯಾಯೇ ಫೋನು ಎತ್ತುತ್ತಾಳೆ.

ಇವತ್ತೂ ಯಾಯ್ ಎತ್ತಿದಳು. ಪಕ್ಕದಲ್ಲಿ ಸೀತಕ್ಕನನ್ನು ಕಂಡು ಗುರುತು ಹಿಡಿದು ಎರಡೂ ಕೈ ಮುಗಿದಳು, ಸೀತಕ್ಕನೂ ಮುಗಿದಳು. ಒಬ್ಬಳೇ ಮಗಳ ಇಬ್ಬರು ತಾಯಂದಿರು ಕೈ ಇಳಿಸಲು ತಿಳಿಯದೆ ಹಾಗೇ ಕೂತರು. ಅವನು ತಡವರಿಸುತ್ತ ಹೆಸರು ಕೇಳಿದ. ಯಾಯ್‌ಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದ. ಅವಳು ಹೆಗಲ ಮೇಲಿನ ಅಂಗಿಯನ್ನು ಸರಿಪಡಿಸಿಕೊಂಡು ನಕ್ಕು, “ಬುನ್ಮಿ” ಎಂದಳು. ಕೋರ್ಟಿಗೆ ಬೇಕಾ ಎಂದೂ ಕೇಳಿದಳು. ಅವನು ಲಗ್ನಪತ್ರಿಕೆಯ ಹಿಂದೆ ಕನ್ನಡದಲ್ಲಿ ಬುನ್ಮಿ ಎಂದು ಬರೆದುಕೊಂಡ.

ಯಾಯ್ ಒಳಗೆ ತಿರುಗಿ ಕೂಗಿದಳು. ಫಾ ಬಂದಳು. ಕೂದಲು ಕತ್ತರಿಸಿ ಶಾಲೆಯ ಅಳತೆಗೆ ತಂದಿದ್ದರು. ಮಣಿಕಟ್ಟಿನಲ್ಲಿ ಬಿಳಿಯ ದಾರ. ಹೆದರಿದ ಮಕ್ಕಳ ಜೀವ ಮನೆ ಬಿಟ್ಟು ಹೋಗದಿರಲಿ ಎಂದು ಅಲ್ಲಿಯ ಹಿರಿಯರು ಕಟ್ಟುವ ದಾರ. “ಕೂಸೇ, ಅಪ್ಪ ಬೈಂದ, ನೋಡು” ಎಂದು ತನ್ನ ಮನೆಮಾತಿನಲ್ಲೇ ಕರೆದ. ಮೊದಲು ಇದಕ್ಕೆ ಅವಳು ಅದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ಈಗ ಅಮ್ಮಮ್ಮನ ಮುಖ ನೋಡಿದಳು. ಯಾಯ್ ಅವಳ ಬೆನ್ನು ಮುಟ್ಟಿ ಏನೋ ಪಿಸುಗುಟ್ಟಿದಳು.

ಫಾ ನೆಟ್ಟಗೆ ನಿಂತು, ಅಂಗೈ ಜೋಡಿಸಿ, ಬೆರಳ ತುದಿ ಹಣೆಗೆ ತಾಗುವಂತೆ ತಲೆ ಬಗ್ಗಿಸಿ ಮೊದಲು ಸೀತಕ್ಕನಿಗೆ ಕೈ ಮುಗಿದಳು. ಆಮೇಲೆ ಸ್ವಲ್ಪ ತಿರುಗಿ, ಅಷ್ಟೇ ಬಗ್ಗಿ, ಅಷ್ಟೇ ಹೊತ್ತು, ಅವನಿಗೂ ಮುಗಿದಳು. ಮುಗಿದು, ಹೋಗಲೇ ಎಂಬಂತೆ ಅಮ್ಮಮ್ಮನನ್ನು ನೋಡಿ ಓಡಿಹೋದಳು.

“ಎಷ್ಟು ಚೊಲೋ ಸಂಸ್ಕಾರ ಕಲಿಸಿದ್ದು ನೋಡು ಕೂಸಿಗೆ” ಎಂದು ಸೀತಕ್ಕ ಕಣ್ಣೊರೆಸಿಕೊಂಡಳು.

ರವೀಂದ್ರ ಫೋನನ್ನು ಮುಖದ ಹತ್ತಿರ ತಂದ. ಪರದೆಯಲ್ಲಿ ಖಾಲಿ ಅಂಗಳ, ತಂತಿಯ ಮೇಲೆ ಒಣಗಲು ಹಾಕಿದ ಒಂದು ಶಾಲೆಯ ಅಂಗಿ. ಅವನು ಅದಕ್ಕೆ ಮೂಗು ಒತ್ತಿದ. ಗಾಜು ತಣ್ಣಗಿತ್ತು.