ಮೊಸರಿನವರ ಎಡಗಾಲು

ನಮ್ಮ ಯಜಮಾನರು ನಡೆದರೆ ಸದ್ದಾಗುತ್ತಿರಲಿಲ್ಲ. ಬಾಗಿಲು ತುಂಬುವಂಥ ಆಳು. ಹೆಜ್ಜೆ ಮಾತ್ರ ಮಲಗಿದ ಕೂಸಿನ ಪಕ್ಕದಲ್ಲಿ ಇಟ್ಟ ಹಾಗೆ. ಮೊಸರು ಮಾಡಿ ಮಾರುವುದು ಅವರ ಕೆಲಸ. ಹೆಪ್ಪು ಹಾಕಿದ ಪಾತ್ರೆ ಅಲುಗಿದರೆ ಮೊಸರು ನೀರೊಡೆಯುತ್ತದೆ ಎಂಬ ಒಂದೇ ಭಯದಲ್ಲಿ ಇಡೀ ಮನೆಯನ್ನು ತುದಿಗಾಲಲ್ಲಿ ನಿಲ್ಲಿಸಿದ್ದರು. ಮಗಳು ಓಡಿದರೆ "ಮೆಲ್ಲಗೆ!" ನಾನು ಕೆಮ್ಮಿದರೂ "ಮೆಲ್ಲಗೆ!" ಬೀದಿಯವರು ಮೆಲ್ಲಗಪ್ಪ ಎಂದೇ ಕರೆಯುತ್ತಿದ್ದರು. ಚಳಿ ಬಂತೆಂದರೆ ತಮ್ಮ ಉಣ್ಣೆ ಕೋಟನ್ನು ಪಾತ್ರೆಗೆ ಹೊದಿಸಿ, ತಾವು ನಡುಗುತ್ತಾ ಕೂರುವರು. ಮದುವೆಯಾದ ಹೊಸತರಲ್ಲಿ, "ನನಗೂ ಒಂದ್ಸಲ ಹೊದಿಸಿ" ಎಂದೆ. "ನೀನೇನು ಮೊಸರಾಗ್ಬೇಕಾ?" ಎಂದರು.

ಒಂದು ಬೆಳಗ್ಗೆ ಅಂಗಡಿಯಲ್ಲಿ ನಿಂತಿದ್ದವರು ಎಡಗಾಲು ಹಿಡಿದುಕೊಂಡು ಕುಸಿದರು. ಮುಟ್ಟಿದರೆ ಕಾಲು ತಣ್ಣಗೆ; ಬಣ್ಣ ಸುಣ್ಣದ ಹಾಗೆ. ಬೆರಳು ಚಿವುಟಿದೆ, ಅವರಿಗೆ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾದದ ಮೇಲೆ ನಾಡಿ ಹುಡುಕಿದರು. ಸಿಗಲಿಲ್ಲ.

"ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದೆ. ಸಣ್ಣ ಕೊಳವೆ ಹಾಕಿ, ಹೆಪ್ಪು ಕರಗಿಸೋ ಔಷಧಿ ಬಿಡ್ತೀವಿ. ಬೇರೆ ಕಡೆ ರಕ್ತ ಸೋರೋ ಅಪಾಯ ಇದೆ. ಆದ್ರೆ ತಡ ಮಾಡಿದ್ರೆ ಕಾಲು ಉಳಿಯಲ್ಲ," ಎಂದರು.

ಇವರು ಆ ನೋವಿನಲ್ಲೂ ನಕ್ಕರು. "ಹೆಪ್ಪು ಕರಗುತ್ತಾ? ಬುದ್ಧಿ ಬಂದಾಗಿಂದ ಹೆಪ್ಪು ಹಾಕ್ತಿದೀನಿ ಡಾಕ್ಟ್ರಮ್ಮ. ಮೊಸರು ತಿರುಗಿ ಹಾಲಾಗಿದ್ದು ನಾನಂತೂ ಕಂಡಿಲ್ಲ. ಆ ಕೊಳವೆ ಗಿಳವೆ ಬೇಡ."

ಏನು ಹೇಳಿದರೂ ಒಪ್ಪಲೊಲ್ಲರು. ಡಾಕ್ಟರಮ್ಮ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಹಾಲಾಗೋದು ಯಾರಿಗೆ ಬೇಕಾಗಿದೆ ರೀ? ಮಜ್ಜಿಗೆ ಆದ್ರೆ ಸಾಲ್ದಾ? ಮಜ್ಜಿಗೆ ಹರಿಯಲ್ವಾ?"

ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಹೌದಲ್ಲ! ಸರಿ, ಕಡೀರಿ!" ಎಂದು ಕೂಗಿದರು.

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. "ಅಯ್ಯೋ, ಕಾಲು ಕಡೀಬಾರ್ದು ಅಂತಾನೇ ಅಲ್ವಾ ನಾನು ಇಷ್ಟು ಹೊತ್ತು ಬಡ್ಕೊಂಡಿದ್ದು!"

"ಕಡಿಯೋದಲ್ಲಮ್ಮಾ, ಮಜ್ಜಿಗೆ ಕಡೆಯೋದು!" ಎಂದೆ.

ನರ್ಸು ಗೋಡೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲೇ ಅವರನ್ನು ಒಳಗೆ ತಳ್ಳಿಕೊಂಡು ಹೋದರು.

ಔಷಧಿ ಹನಿಹನಿಯಾಗಿ ಇಳಿಯುವಷ್ಟು ಹೊತ್ತೂ ಕಾಲು ಮಡಚುವ ಹಾಗಿಲ್ಲ. ಬೇರೆಯವರಾಗಿದ್ದರೆ ಒದ್ದಾಡುತ್ತಿದ್ದರು. ಇವರು ತಾವೇ ಹೆಪ್ಪಿನ ಪಾತ್ರೆಯಾದಂತೆ ನಿಶ್ಚಲವಾಗಿ ಮಲಗಿ, ಟ್ರಾಲಿ ತಳ್ಳುವವನನ್ನು "ಮೆಲ್ಲಗೆ!" ಎಂದು ಗದರಿದರು. ನಡುವೆ ವಸಡಿನಲ್ಲಿ ರಕ್ತ ಜಿನುಗಿತು. ನಾನು ಓಡಿಹೋಗಿ ಕರೆದೆ. ಡಾಕ್ಟರಮ್ಮ ಬಂದು ನೋಡಿ, ಇಷ್ಟೇ ಆದರೆ ಭಯವಿಲ್ಲ ಎಂದರು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಹೆಬ್ಬೆರಳಿಗೆ ಕೆಂಪು ಬಂತು. ನರ್ಸು ಪಾದದ ಮೇಲೆ ಬೆರಳಿಟ್ಟು, ನನ್ನ ಬೆರಳನ್ನೂ ಎಳೆದು ಅಲ್ಲೇ ಇಟ್ಟಳು. ಟುಕ್, ಟುಕ್. ಕಾಲು ಆಗ ತಾನೇ ಕರೆದ ಹಾಲಿನಷ್ಟು ಬೆಚ್ಚಗೆ. ಅಲ್ಲೇ ಕುಣಿದುಬಿಡೋಣ ಅನ್ನಿಸಿತು.

"ಏನೇ, ಮಜ್ಜಿಗೆ ಆಯ್ತಾ?"

"ಆಯ್ತು ರೀ."

"ಹಾಗಾದ್ರೆ ಬೆಣ್ಣೆ ಎಲ್ಲಿಟ್ರು ಕೇಳು!"

ಆ ಕಾಲಲ್ಲಿ ಎಷ್ಟೋ ವರ್ಷ ನಡೆದರು. ಈಚೆಗೆ ಜ್ವರ ಬಂದು, ನಾಲ್ಕೇ ದಿನಕ್ಕೆ ತೀರಿಕೊಂಡರು.

ಇಂಥ ಜನಕ್ಕೆ ಕೈಯಾರೆ ಮಾಡಿ ಕಂಡದ್ದಷ್ಟೇ ಲೋಕ. ದೊಡ್ಡ ಮಾತಿಗೆ ಬಗ್ಗುವುದಿಲ್ಲ. ತಮ್ಮ ಕೆಲಸದ ಮಾತಿನಲ್ಲಿ ಹೇಳಿದರೆ ಜೀವವನ್ನೇ ಇನ್ನೊಬ್ಬರ ಕೈಗೆ ಕೊಟ್ಟು ಮಲಗುತ್ತಾರೆ. ಇಂಥವರು ಮನೆಯಲ್ಲಿದ್ದರೆ ದಿನಕ್ಕೆ ಹತ್ತು ಜಗಳ. ಬೇಸರ ಎಂದರೇನು ಎಂದು ಗೊತ್ತಾಗುವುದು ಅವರು ಹೋದ ಮೇಲೆ.