ಮಂಡಳಿಯ ಪಾದ

ಬೇಡಕಿಹಾಳದ ಶ್ರೀ ಬೀರದೇವ ಗಾಡಿ ಶರ್ಯತ್ತು ಮಂಡಳಿಗೆ ಒಬ್ಬ ಅಧ್ಯಕ್ಷನಿದ್ದ, ಒಬ್ಬ ಉಪಾಧ್ಯಕ್ಷನಿದ್ದ, ಫ್ಲೆಕ್ಸ್ ಬೋರ್ಡಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಕೆಲವು ಮಾರ್ಗದರ್ಶಕರೂ ಇದ್ದರು. ಇವರಲ್ಲದೆ ಮಂಡಳಿಗೆ ಒಂದು ಪಾದ ಇತ್ತು. ಅದು ಮಾಳಸಿದ್ದನದು.

ಹಳ್ಳದ ದಂಡೆಯಿಂದ ಹೊರಟು ಜಯಪಾಲನ ಹೊಲವನ್ನು ಸೀಳಿಕೊಂಡು ಮಾವಿನ ಮರದ ತನಕ ಹೋಗುವ ಮಣ್ಣಿನ ಹಾದಿಯಲ್ಲಿ ಎತ್ತಿನ ಗಾಡಿಗಳ ಓಟದ ಶರ್ಯತ್ತು ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಆ ಹಾದಿಗೆ ದಿಕ್ಕಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಅದನ್ನು ತುಳಿದು ಗುಂಡಿ ಮಾಡುತ್ತವೆ, ಜಾಲಿ ತನಗೂ ಪಾಲಿದೆಯೆಂದು ಅಂಚಿನಿಂದ ಒಳಗೆ ಬರುತ್ತದೆ. ಕಬ್ಬು ಕಡಿದು ಮುಗಿದ ಮೇಲೆ ಮಂಡಳಿಯವರು ಸಲಿಕೆ, ಬುಟ್ಟಿ ಹಿಡಿದು ಇಳಿಯುತ್ತಾರೆ. ಮನೆಯಲ್ಲಿ ಒಂದು ಕೊಡ ನೀರು ಎತ್ತೆಂದರೆ ಸೊಂಟ ಹಿಡಿದುಕೊಳ್ಳುವ ಗಂಡಸರು ಇಲ್ಲಿ ಯಾರೂ ಕೇಳದೆ ಗುಂಡಿ ಮುಚ್ಚುತ್ತಾರೆ, ಜಾಲಿ ಕಡಿಯುತ್ತಾರೆ, ಕುಂಟೆ ಹೊಡೆದು ನೀರು ಚಿಮುಕಿಸುತ್ತಾರೆ. ಅವರವರ ಹೆಂಡಂದಿರು ದೂರದಿಂದ ಇದನ್ನು ನೋಡಿ ಏನನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಎಲ್ಲ ಮುಗಿದ ಮೇಲೆ ಶರ್ಯತ್ತಿನ ಹಿಂದಿನ ದಿನ ಪಾದದ ಪಾಳಿ. ಕುಂಟೆ ಹೊಡೆದ ಮಣ್ಣಿನ ಕೆಳಗೆ ಅಡಗಿದ ಕಲ್ಲು ಕಣ್ಣಿಗೆ ಕಾಣುವುದಿಲ್ಲ, ಓಡುವ ಎತ್ತಿನ ಗೊರಸಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಒಬ್ಬ ಬರಿಗಾಲಲ್ಲಿ ಇಡೀ ಹಾದಿ ನಡೆಯಬೇಕು. ಕೆಳಗೆ ನೋಡುವಂತಿಲ್ಲ, ನೋಟ ಮಾವಿನ ಮರದ ಮೇಲೆಯೇ ಇರಬೇಕು. ಕಾಲಿಗೆ ಕಲ್ಲು ತಾಗಿದಾಗ "ಹಾಂ" ಎನ್ನಬೇಕು. ಹಿಂದಿನವನು ಬಗ್ಗಿ ಅದನ್ನು ಆರಿಸಿ ಬುಟ್ಟಿಗೆ ಹಾಕುತ್ತಾನೆ. ಈ ಕೆಲಸಕ್ಕೆ ಮಾಳಸಿದ್ದನನ್ನು ಬಿಟ್ಟರೆ ಇನ್ನೊಬ್ಬನಿಲ್ಲ. ಹುಟ್ಟಿದಾಗಿನಿಂದ ಕುರಿಯ ಹಿಂದೆ ತಿರುಗಿದರೂ ಅವನ ಅಂಗಾಲು ಯಾಕೋ ಮೆತ್ತಗೇ ಉಳಿದಿತ್ತು. "ಕುರಿ ಕಾಯವ್ರ ಮನ್ಯಾಗ ಅರಸನ ಕಾಲು ಹುಟ್ಟೇತಿ" ಎಂದು ಊರು ನಗುತ್ತಿತ್ತು. ನಗುತ್ತಲೇ ಆ ಕಾಲಿನ ಮೇಲೆ ತನ್ನ ಎತ್ತುಗಳನ್ನು ನಂಬಿ ಬಿಡುತ್ತಿತ್ತು.

೨೦೧೪ರಲ್ಲಿ ಕೋರ್ಟು ಶರ್ಯತ್ತನ್ನು ನಿಲ್ಲಿಸಿತು. ಮಂಡಳಿ ಮಾತ್ರ ನಿಲ್ಲಲಿಲ್ಲ. ಓಡಲು ಯಾವ ಗಾಡಿಯೂ ಇಲ್ಲದ ಹಾದಿಗೆ ಪ್ರತಿ ಚಳಿಗಾಲ ಕುಂಟೆ ಹೊಡೆಯಿತು. ಸಹಕಾರಿ ಸೊಸೈಟಿಯಲ್ಲಿ ನೌಕರಿ ಮಾಡುವ ಜಯಪಾಲ ಹೊಲದ ಬದುವಿನ ಮೇಲೆ ಬೂಟು ಹಾಕಿಕೊಂಡು ನಿಂತು ಕೇಳಿದ:

"ಅಲ್ರೀ ಅಧ್ಯಕ್ಷರ, ನಾಯಿ ಸುದ್ದಾ ಓಡದ ಹಾದಿಗೆ ಇದೆಲ್ಲಾ ಯಾಕ? ನಾನರೆ ನಾಕು ಸಾಲು ಕಬ್ಬು ಹಚ್ಚತೇನಿ."

"ಹಚ್ಚು ಬಾಬಾ, ಹಚ್ಚು," ಎಂದ ಅಧ್ಯಕ್ಷ ಸಂಭಾಜಿ. "ನಾಳೆ ಕಾಯ್ದೆ ಬರತೈತಿ, ಹಾದಿ ಇರೂದಿಲ್ಲ. ಆವಾಗ ನಿನ್ನ ಕಬ್ಬಿನ ಮ್ಯಾಲ ಓಡಸ್ತೇವಿ."

ಜಯಪಾಲ ಗೊಣಗಿದ. ಗೊಣಗುತ್ತಲೇ ಆ ಪಟ್ಟಿಯನ್ನು ಪ್ರತಿ ವರ್ಷ ಖಾಲಿ ಬಿಟ್ಟ.

ಸಂಭಾಜಿ ಮನವಿ ಹಿಡಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಎಂದು ಕಚೇರಿಯಿಂದ ಕಚೇರಿಗೆ ಅಲೆದ. ಒಂದು ಸಲ ಮನವಿಗೆ ತೂಕ ಬರಲೆಂದು ಗಾಡಿ ಸಮೇತ ಒಂದು ಜೋಡಿ ಎತ್ತುಗಳನ್ನೂ ಚಿಕ್ಕೋಡಿಗೆ ಕರೆದುಕೊಂಡು ಹೋದರು. ಸಾಹೇಬರು ಹೊರಗೆ ಬಂದರು, ಸೆಕೆಯೆಂದು ಬಿಳಿ ಕರವಸ್ತ್ರ ತೆಗೆದು ಝಾಡಿಸಿದರು. ಶರ್ಯತ್ತಿನಲ್ಲಿ ಗಾಡಿ ಬಿಡುವುದು ಬಿಳಿ ಟಾವೆಲ್ ಬೀಸಿ ಎಂಬುದನ್ನು ಮಂಡಳಿಯವರೆಲ್ಲ ಮರೆತಿದ್ದರು. ಎತ್ತುಗಳು ಮರೆತಿರಲಿಲ್ಲ. ಖಾಲಿ ಗಾಡಿ ಎಳೆದುಕೊಂಡು ಗೇಟು ದಾಟಿ ಓಡಿದವು. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಅಂಗಡಿಯ ಮುಂದೆ ಸಿಪ್ಪೆ ತಿನ್ನುತ್ತ ಸಿಕ್ಕವು.

"ನೋಡಿದ್ರ್ಯಾ ಸಾಹೇಬ್ರ," ಎಂದ ಸಂಭಾಜಿ ಏದುಸಿರು ಬಿಡುತ್ತ, "ಯಾರರೆ ಹೊಡದ್ರೇನು? ಅವಕ್ಕ ಓಡೂ ಖುಷಿ ಐತ್ರಿ."

"ಈಗ ನಾನೇ ಶರ್ಯತ್ತು ಬಿಟ್ಟಂಗಾತಲ್ರೀ," ಎಂದರು ಸಾಹೇಬರು, ಕರವಸ್ತ್ರವನ್ನು ಕಿಸೆಯ ತಳಕ್ಕೆ ತುರುಕುತ್ತ.

ಊರು ‘ಬಂದಿ’ ಎನ್ನುತ್ತಿದ್ದ ಆ ನಿಷೇಧದ ವರ್ಷಗಳಲ್ಲೂ ಪಾದದ ಪಾಳಿ ತಪ್ಪಲಿಲ್ಲ. ಮಾಳಸಿದ್ದ ನಡೆದ. ಹಿಂದೆ ಬುಟ್ಟಿ ಹಿಡಿದ ಧರೆಪ್ಪ ನಡೆದ. ವರ್ಷದಿಂದ ವರ್ಷಕ್ಕೆ ಬುಟ್ಟಿ ಹಗುರವಾಗುತ್ತ ಬಂತು. "ಹಾದಿ ಬೆಣ್ಣಿ ಆಗೇತಿ ನೋಡ್ರಿ" ಎಂದು ಎಲ್ಲರೂ ಹೆಮ್ಮೆಪಟ್ಟರು. ಮಾಳಸಿದ್ದನೂ ಪಟ್ಟ.

ಒಂದು ಮಧ್ಯಾಹ್ನ ಅವನು ಕುರಿ ಬಿಟ್ಟು ಬಂದು ಊಟಕ್ಕೆ ಕುಳಿತಾಗ ಹೆಂಡತಿ ತಾರವ್ವ ರೊಟ್ಟಿ ಹಿಡಿದುಕೊಂಡೇ ಬಾಗಿಲ ಕಡೆ ನೋಡುತ್ತ ನಿಂತಳು. ಬಾಗಿಲಿನಿಂದ ಅವನು ಕುಳಿತ ಜಾಗದ ತನಕ, ಆಗಷ್ಟೇ ಒರೆಸಿದ ನೆಲದ ಮೇಲೆ ಒಂದು ಬಿಟ್ಟು ಒಂದು ಕೆಂಪು ಹೆಜ್ಜೆಗಳು ಮೂಡಿದ್ದವು.

"ಕುಂಕುಮ ಚೆಲ್ಲೀ ಏನ?" ಎಂದ ಮಾಳಸಿದ್ದ.

ತಾರವ್ವ ಅವನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಜಾಲಿಮುಳ್ಳು ಬುಡದ ತನಕ ಇಳಿದಿತ್ತು. ಅವಳು ಅದನ್ನು ಕಿತ್ತಾಗಲೂ ಅವನು ರೊಟ್ಟಿ ಮುರಿಯುತ್ತಲೇ ಇದ್ದ.

ಊರಿಗೆ ಊರೇ ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಯಾರಿಗೂ ಹೊಸದಲ್ಲ. ನಿಪ್ಪಾಣಿಯ ಡಾಕ್ಟರು ಅಂಗಾಲಿಗೆ ಸೂಜಿ ಮುಟ್ಟಿಸಿ "ಗೊತ್ತಾಗತೈತೇನು?" ಎಂದು ಕೇಳಿದರು. "ಏನ್ ಗೊತ್ತಾಗಬೇಕಾಗಿತ್ರಿ?" ಎಂದು ಕೇಳಿದ ಮಾಳಸಿದ್ದ. ಇನ್ನು ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದೆಂದು ಅವರು ಹೇಳಿದ್ದನ್ನು ಅವನಿಗಿಂತ ಸರಿಯಾಗಿ ತಾರವ್ವ ಕೇಳಿಸಿಕೊಂಡಳು.

ಬಸ್ಸಿನಲ್ಲಿ ಅವನು ಮೆಲ್ಲಗೆ, "ಊರಾಗ ಹೇಳಬ್ಯಾಡ," ಎಂದ.

"ನಾ ಯಾಕ ಹೇಳಲಿ? ಕಾಲೂ ನಿಮ್ಮದು, ಮಂಡಳೀನೂ ನಿಮ್ಮದು," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವನ ಕಾಲು ಎದುರಿನ ಸೀಟಿನ ಕಬ್ಬಿಣಕ್ಕೆ ತಾಗುತ್ತಿರುವುದನ್ನು ನೋಡಿ ನಡುವೆ ತನ್ನ ಚೀಲ ಇಟ್ಟಳು.

ಹೇಳದೆ ಇದ್ದುದರಿಂದ ಕೆಡುವುದೇನೂ ಇರಲಿಲ್ಲ. ಓಡುವ ಎತ್ತೇ ಇಲ್ಲದ ಹಾದಿಯಲ್ಲಿ ಪಾದ ಸತ್ತಿದ್ದರೇನು, ಬದುಕಿದ್ದರೇನು? ಆದರೆ ಕಾಯ್ದೆ ಬದಲಾಯಿತು. ೨೦೧೮ರ ಚಳಿ ಇಳಿಯುವ ಹೊತ್ತಿಗೆ ಶರ್ಯತ್ತಿಗೆ ಪರವಾನಗಿ ಬಂತು. ಬಾರುಕೋಲು ಇಲ್ಲ, ಮೊಳೆ ಇಲ್ಲ, ದನದ ಡಾಕ್ಟರು ಹಾಜರಿರಬೇಕು, ಒಂದು ಎತ್ತು ಕುಂಟಿದರೂ ಮುಂದಿನ ವರ್ಷದ ಮಾತೇ ಇಲ್ಲ ಎಂದು ಅಧಿಕಾರಿಗಳು ಬಿಡಿಸಿ ಹೇಳಿದರು. ಮೊದಲ ಗಾಡಿಯ ಜೋಡಿಯಲ್ಲಿ ಧರೆಪ್ಪನ ಹೋರಿ ಹರಣ್ಯಾನನ್ನು ಹೂಡುವುದೆಂದು ನಿರ್ಧಾರವಾಯಿತು. ಅದು ಬಂದಿಯ ಕಾಲದಲ್ಲಿ ಹುಟ್ಟಿದ ಹೋರಿ. ಕರುವಾಗಿದ್ದಾಗಿನಿಂದ ಮಾಳಸಿದ್ದನ ಅಂಗೈಯಿಂದ ಬೆಲ್ಲ ನೆಕ್ಕಿ ಬೆಳೆದಿತ್ತು.

ಹೇಳಿಬಿಡಬೇಕೆಂದು ಅವನು ಮಂಡಳಿಯ ಸಭೆಗೆ ಹೋದ. ಬಾಯಿ ತೆರೆಯುವಷ್ಟರಲ್ಲಿ ಸಂಭಾಜಿ ಎದ್ದು ನಿಂತ. "ಪಾದ ಮಾಳಸಿದ್ದ ಮಾಮಾಂದು. ಬಾಕಿ ಜಿಮ್ಮೇದಾರಿ ಎಲ್ಲಾ ನಂದು!" ಚಪ್ಪಾಳೆ ಬಿತ್ತು. ಮಾಳಸಿದ್ದ ತೆರೆದ ಬಾಯಿಗೆ ಒಂದು ಅಡಿಕೆ ಹಾಕಿಕೊಂಡು ಮನೆಗೆ ಬಂದ.

ಮನೆಯಲ್ಲಿ ತಾರವ್ವ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಕೆಲವು ದಿನಗಳಿಂದ ಇದೇ ನಡೆದಿತ್ತು. ನೆನೆಸುವುದು, ಅಂಗಾಲನ್ನು ಒರಟು ಕಲ್ಲಿಗೆ ತಿಕ್ಕುವುದು, ಕೊಬ್ಬರಿ ಎಣ್ಣೆ ಸವರಿ ಹಳೆಯ ಸೀರೆ ಸುತ್ತಿಕೊಂಡು ಮಲಗುವುದು.

"ಯಾರ ಮದುವಿ ಐತಿ?" ಎಂದು ಅವನು ಕೆಣಕಿದ.

"ಹಿಮ್ಮಡಿ ಒಡದಾವ," ಎಂದಳು ಅವಳು. ಆಮೇಲೆ, "ಸಭಾದಾಗ ಹೇಳಿದ್ರ್ಯಾ?" ಎಂದು ಕೇಳಿದಳು.

"ಚಪ್ಪಾಳಿ ಹೊಡದ್ರು."

"ಹೇಳಿದ್ದಕ್ಕ?"

ಅವನು ಕುರಿ ಎಣಿಸಲು ಹೊರಗೆ ಹೋದ. ಕುರಿಗಳು ಎಷ್ಟಿರಬೇಕೋ ಅಷ್ಟೇ ಇದ್ದವು.

ಪಾಳಿಯ ಮುಂಜಾನೆ ಹಳ್ಳದ ದಂಡೆಯಲ್ಲಿ ಮಂಡಳಿಯೆಲ್ಲ ನೆರೆಯಿತು. ಜಯಪಾಲನೂ ಬಂದಿದ್ದ. ಅವನ ಹೊಸ ಮನೆಗೆಂದು ಖಡಿ, ಅಂದರೆ ಜಲ್ಲಿಕಲ್ಲು, ತುಂಬಿದ ಟ್ರ್ಯಾಕ್ಟರು ಹಿಂದಿನ ವಾರ ಈ ಹಾದಿಯನ್ನು ಅಡ್ಡ ಹಾಯ್ದಿತ್ತು. ಬಿದ್ದ ಖಡಿಯನ್ನು ಆರಿಸಿದ್ದೇವೆಂದು ಎಲ್ಲರೂ ಹೇಳುತ್ತಿದ್ದರು. ಆರಿಸಿದವರು ಯಾರೆಂಬುದು ಯಾರಿಗೂ ತಿಳಿದಿರಲಿಲ್ಲ. ಮಾಳಸಿದ್ದ ಚಪ್ಪಲಿ ಬಿಟ್ಟ. ತಲೆ ಎತ್ತಿ ಮಾವಿನ ಮರವನ್ನು ನೋಡಿದ. ಅಷ್ಟರಲ್ಲಿ ಅವನ ಚಪ್ಪಲಿಯ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಬಂದು ನಿಂತಿತು.

"ಕಾಕು, ನೀ ಯಾಕ ಬಂದಿ?" ಎಂದ ಧರೆಪ್ಪ. "ಹೆಂಗಸರು ಹಾದಿ ತುಳ್ಯೂದಿಲ್ಲ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಯಾರೂ ಬಂದೂ ಇಲ್ಲ."

"ನಾ ಬಂದೇನಲ್ಲ," ಎಂದಳು ತಾರವ್ವ. ಸಂಭಾಜಿಯ ಕಡೆ ತಿರುಗಿ, "ಹರಕಿ ಐತ್ರಿ ಅಧ್ಯಕ್ಷರ. ಶರ್ಯತ್ತು ಮತ್ತ ಚಾಲೂ ಆದ್ರ ಗಂಡ ಹೆಂಡತಿ ಕೈ ಹಿಡದು ಹಾದಿ ನಡೀತೇವಂತ ಬೀರದೇವ್ರಿಗೆ ಬೇಡಕೊಂಡಿದ್ದೆ," ಎಂದಳು.

ಬೀರದೇವರ ಹೆಸರಿನ ಮಂಡಳಿ ಬೀರದೇವರ ಹರಕೆಯನ್ನು ಬೇಡವೆನ್ನುವುದು ಹೇಗೆ? ಮೇಲಾಗಿ, ನಾಳೆ ಟಿವಿಯವರು ಬಂದರೆ ಹೆಣ್ಣುಮಕ್ಕಳೂ ನಮ್ಮ ಜೊತೆ ಇದ್ದಾರೆಂದು ಹೇಳಬಹುದು ಎಂಬುದು ಸಂಭಾಜಿಗೆ ಆಗಲೇ ಹೊಳೆದಿತ್ತು. "ಚಲಾ, ನಡೀರಿ ಮಾಮೀ," ಎಂದ.

ಮಾಳಸಿದ್ದನಿಗೆ ಯಾವ ಹರಕೆಯೂ ಗೊತ್ತಿರಲಿಲ್ಲ. ಊರ ಮುಂದೆ ಹೆಂಡತಿಯ ಕೈ ಹಿಡಿದದ್ದು ಮದುವೆಯ ದಿನವೇ ಕೊನೆ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಕೆಲವು ಹೆಜ್ಜೆ ನಡೆದ ಮೇಲೆ ತಾರವ್ವ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಸುಕಿದಳು. ಅವನು ತಿರುಗಿ ನೋಡಿದ. ಅವಳು ಮಾವಿನ ಮರವನ್ನೇ ನೋಡುತ್ತ ಮತ್ತೊಮ್ಮೆ ಹಿಸುಕಿದಳು. ಕಲ್ಲು ಅವಳ ಕಾಲಿಗೆ ತಾಗಿತ್ತು. ಆಗ ಅವನಿಗೆ ಬಿಸಿನೀರು, ಒರಟು ಕಲ್ಲು, ಕೊಬ್ಬರಿ ಎಣ್ಣೆ ಎಲ್ಲವೂ ಒಟ್ಟಿಗೆ ಅರ್ಥವಾದವು.

"ಹಾಂ," ಎಂದ.

ಧರೆಪ್ಪ ಬಗ್ಗಿದ. ಬುಟ್ಟಿಯಲ್ಲಿ ಟಣ್ಣೆಂದಿತು. ಜಯಪಾಲನ ಹೊಲ ಬಂದಾಗ ತಾರವ್ವನ ಕೈಗೆ ಬಿಡುವೇ ಇರಲಿಲ್ಲ. ಹಾಂ, ಹಾಂ, ಹಾಂ. "ಬಂದಿಯೊಳಗ ಕಾಕಾನ ಕಾಲು ಇನ್ನಷ್ಟು ಚುರುಕಾಗೇತಲೇ!" ಎಂದ ಧರೆಪ್ಪ. ಜಯಪಾಲ ಗಂಟಲು ಸರಿಮಾಡಿಕೊಂಡು ಆಕಾಶ ನೋಡಿದ.

ಅರ್ಧ ಹಾದಿ ದಾಟಿರಬಹುದು. ಧರೆಪ್ಪ ಹಿಂದಿನಿಂದ ಕೂಗಿದ: "ಕಾಕಾ, ನಿಂದರು! ರಕ್ತ ಬರಾಕತ್ತೈತಿ!"

ಮಾಳಸಿದ್ದ ಗಾಬರಿಯಾಗಿ ತಾರವ್ವನ ಕಾಲ ಬಳಿ ಕುಳಿತುಬಿಟ್ಟ. "ಎಲ್ಲಿ? ಏನ್ ಚುಚ್ಚಿತು? ತೋರ್ಸ!"

ತಾರವ್ವನ ಕಾಲಲ್ಲಿ ಏನೂ ಇರಲಿಲ್ಲ. ರಕ್ತ ಅವನ ಕಾಲಿನದೇ. ಯಾರೋ ಒಗೆದಿದ್ದ ಬಾಟಲಿಯ ಚೂರು ಅವನ ಹಿಮ್ಮಡಿಯಲ್ಲಿ ಕುಳಿತಿತ್ತು. ಹಿಂದೆ ಹಾದಿಯ ಮೇಲೆ ಒಂದು ಬಿಟ್ಟು ಒಂದು ಕೆಂಪು ಹೆಜ್ಜೆ.

"ಎಂದಿನಿಂದ ಮಾಮಾ?" ಎಂದ ಸಂಭಾಜಿ.

"ಬಂದಿ ಇದ್ದಾಗಿಂದ."

"ನಾಳೆ ಹರಣ್ಯಾಗ ಏನರೆ ಆಗಿದ್ದರ? ಮೊನ್ನೆ ಸಭಾದಾಗ ಹೇಳಾಕ ಏನಾಗಿತ್ತು?"

"ಹೇಳಾಕಂತನ ಬಂದಿದ್ದೆ. ನೀ ಚಪ್ಪಾಳಿ ಹೊಡಸಿದಿ." ಮಾಳಸಿದ್ದ ಕುಳಿತಲ್ಲಿಂದ ತಲೆ ಎತ್ತಲಿಲ್ಲ. "ಇದೊಂದ ಕೆಲಸ ಇತ್ತಪಾ ನನಗ ಮಂಡಳ್ಯಾಗ. ಎತ್ತಿಲ್ಲ, ಗಾಡಿ ಇಲ್ಲ. ಕಾಲು ಇತ್ತು."

ಸಂಭಾಜಿ ಇನ್ನೇನೋ ಅನ್ನುವವನಿದ್ದ. ತಾರವ್ವ ಬುಟ್ಟಿಯನ್ನು ಧರೆಪ್ಪನ ಕೈಯಿಂದ ಎಳೆದು ಅವನ ಮುಂದೆ ಕುಕ್ಕಿದಳು.

"ಎಣಿಸಿಕೋರಿ. ಒಂದರೆ ಬಿಟ್ಟೇವೇನು? ಎತ್ತು ಕುಂಟಬಾರದಂತ ನಿಮಗಷ್ಟ ಐತೇನು?"

"ಅದರಾಗ ಅರ್ಧ ನನ್ನ ಖಡಿ ಐತಿ," ಎಂದು ಜಯಪಾಲ ತಾನಾಗಿಯೇ ಒಪ್ಪಿಕೊಂಡ. ಚೂರನ್ನು ಮೆಲ್ಲಗೆ ಕಿತ್ತು, ತನ್ನ ಇಸ್ತ್ರಿ ಮಾಡಿದ ಕರವಸ್ತ್ರವನ್ನು ಮಾಳಸಿದ್ದನ ಹಿಮ್ಮಡಿಗೆ ಕಟ್ಟಿದ.

ಸಂಭಾಜಿ ಬುಟ್ಟಿಯನ್ನು ನೋಡಿದ. ಆಮೇಲೆ ತನ್ನ ಕೊಲ್ಹಾಪುರಿ ಚಪ್ಪಲಿಗಳನ್ನು ಬಿಟ್ಟು ಮಾಳಸಿದ್ದನ ಮುಂದೆ ಇಟ್ಟ. ಅಧ್ಯಕ್ಷರು ಬರುತ್ತಿದ್ದಾರೆಂದು ಎರಡು ಓಣಿಯಾಚೆಗೇ ಸಾರುವ ಕರ್ರಕರ್ರ ಚಪ್ಪಲಿ ಅವು. "ಹಾಕ್ಕೋ ಮಾಮಾ. ಮಾಮಿ ಹಾದಿ ತುಳೀಲಿ. ನಿನ್ನ ಕಾಲು ಹೋತು, ಬಾಯಿ ಹೋಗಿಲ್ಲಲ್ಲ. ಎಲ್ಲಿ ಮಣ್ಣು ಮೆತ್ತಗೈತಿ, ಎಲ್ಲಿ ಗಾಡಿ ಎಳೀತೈತಿ, ಹೇಳಕೋತ ಬಾ."

ಹೊರಟರು. ಇನ್ನು ಗುಟ್ಟೇನೂ ಇರಲಿಲ್ಲ. ತಾರವ್ವ ಬಾಯಿಬಿಟ್ಟು "ಹಾಂ" ಎನ್ನುತ್ತಿದ್ದಳು. ಪಕ್ಕದಲ್ಲಿ ಅಧ್ಯಕ್ಷರ ಚಪ್ಪಲಿ ಕರ್ರಕರ್ರ ಎನ್ನುತ್ತಿತ್ತು. ಹಿಂದೆ ಬರಿಗಾಲಿನ ಅಧ್ಯಕ್ಷರು ಹೆಜ್ಜೆಗೊಮ್ಮೆ "ಆಯೀ ಗಂ" ಎಂದು ನರಳುತ್ತಿದ್ದರು.

"ಕಾಕಾ," ಎಂದು ಧರೆಪ್ಪ ಕೂಗಿದ, "ಕಳವು ಬಯಲಾತಲ್ಲ, ಇನ್ನರೆ ಕೈ ಬಿಡು!"

"ಹರಕಿ ಐತಲೇ," ಎಂದ ಮಾಳಸಿದ್ದ, ಮಾವಿನ ಮರದಿಂದ ಕಣ್ಣು ಕದಲಿಸದೆ. "ಮರ ಮುಟ್ಟೂ ಮಟಾ ಬಿಡಾಕ ಬರೂದಿಲ್ಲ."

ತಾರವ್ವ ಅವನ ಬೆರಳುಗಳನ್ನು ಹಿಸುಕಿದಳು. ಅಲ್ಲಿ ಕಲ್ಲೇನೂ ಇರಲಿಲ್ಲ.

ಮರುದಿನ ಇಬ್ಬರೂ ಮಾವಿನ ಮರದ ಕೆಳಗೆ ಒಂದು ಖಾಲಿ ಗಾಡಿಯ ಮೇಲೆ ಕುಳಿತಿದ್ದರು. ನಿಪ್ಪಾಣಿಯ ಡಾಕ್ಟರು ಕಟ್ಟಿದ ಪಟ್ಟಿಯ ಕಾಲನ್ನು ನೆಲಕ್ಕೆ ಇಳಿಸಕೂಡದೆಂದು ತಾರವ್ವನ ಅಪ್ಪಣೆಯಾಗಿತ್ತು. ಹಳ್ಳದ ಕಡೆ ಬಿಳಿ ಟಾವೆಲ್ ಬೀಸಿತು. ಧೂಳೆದ್ದಿತು. ಬಾರುಕೋಲಿಲ್ಲದೆ, ಬರೀ ಧರೆಪ್ಪನ ಹುಯಿಲಿಗೇ ಹರಣ್ಯಾ ಬಾಲ ಎತ್ತಿಕೊಂಡು ಬಂತು. ಗಾಡಿ ಎದುರಿನಿಂದ ಹಾಯ್ದುಹೋಯಿತು. ಎಷ್ಟು ಹೊತ್ತಿನಲ್ಲಿ ಬಂತೆಂದು ಮಾಳಸಿದ್ದ ನೋಡಲೇ ಇಲ್ಲ. ಅವನು ನೋಡಿದ್ದು ಅದರ ಕಾಲುಗಳನ್ನು. ನಾಲ್ಕೂ ನೆಟ್ಟಗಿದ್ದವು. ದನದ ಡಾಕ್ಟರು ಕುರ್ಚಿಯಿಂದ ಏಳದೆ ಚಹಾ ಕುಡಿಯುತ್ತಿದ್ದರು.

"ಅದು ಹಾದು ಹೋಗೂವಾಗ ನನ್ನ ಕಾಲಾಗ ನೆಲ ನಡಗಿದ್ದು ಗೊತ್ತಾತು ನೋಡ," ಎಂದ ಮಾಳಸಿದ್ದ.

"ಕಾಲು ನೆಲಕ್ಕ ಎಲ್ಲೈತ್ರಿ? ಗಾಡಿ ಮ್ಯಾಲ ಐತಿ."

ಅವನು ನೋಡಿಕೊಂಡ. ಹೌದು, ಗಾಡಿಯ ಮೇಲೆ, ಅವಳ ಮಡಚಿದ ಸೆರಗಿನ ಮೇಲೆ ಇತ್ತು.

"ಅಂದ್ರೂ ಗೊತ್ತಾತು," ಎಂದ.

"ಆತು ಬಿಡ್ರಿ," ಎಂದು ತಾರವ್ವ ಮುಂದಿನ ಗಾಡಿಯ ಕಡೆ ತಿರುಗಿದಳು.