ಏಳನೆಯ ತಿರುವಿನಲ್ಲಿ ನಿಂತ ಕಾರು

ಮುರುಗನ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದನ್ನು ಒಂದಿಷ್ಟು ನುಂಗಿಕೊಳ್ಳಲು ಬಂದಿದ್ದರೆ ಈ ಹನ್ನೊಂದು ದಿನ ಹೆಂಡತಿಯ ಬೆನ್ನು ನೋಡುತ್ತ ಉಣ್ಣುವ ಪಾಡು ಬರುತ್ತಿರಲಿಲ್ಲ. ಭಾನುವಾರ ಮಗಳು ಇಂದುಜಾಗೆ ಕಿವಿ ಚುಚ್ಚುವ ಶಾಸ್ತ್ರ. ತಮಿಳುನಾಡಿನಲ್ಲಿ ನೆಲೆಸಿದ ಅವರ ಕನ್ನಡ ಜನದಲ್ಲಿ ಮಗು ಕೂರಬೇಕಾದದ್ದು ಸೋದರಮಾವನ ಮಡಿಲಲ್ಲಿ. ಹೆಂಡತಿ ಮುತ್ತುಸೆಲ್ವಿಗೆ ಇರುವವನು ಒಬ್ಬನೇ ತಮ್ಮ, ಕೊಂಬೈಯ ರಾಜ್‌ಕುಮಾರ್. ಆ ಒಬ್ಬನಿಗೇ ಮುರುಗನ್, "ನಿನ್ನ ಮಡಿಲು ನನ್ನ ಮಗಳಿಗೆ ಬೇಡ" ಎಂದು ಹತ್ತು ಜನರ ಮುಂದೆ ಅಂದುಬಿಟ್ಟಿದ್ದ.

ಎಲ್ಲವೂ ಕಾರಿನ ದೆಸೆಯಿಂದ. ಬೋಡಿ ಬೆಟ್ಟದ ಮೇಲೆ ರಾಜ್‌ಕುಮಾರ್ ಗುತ್ತಿಗೆಗೆ ಹಿಡಿದ ಏಲಕ್ಕಿ ತೋಟವಿತ್ತು. ಅಲ್ಲಿಗೆ ನಾಲ್ಕು ಮೂಟೆ ಗೊಬ್ಬರ ಒಯ್ಯಲು ಬಾವನ ಕಾರು ಕೇಳಿ ಪಡೆದ. ತೋಟ ನೋಡುವ ಆಸೆಯಿಂದ ತಾಯಿ ಕಣ್ಣಮ್ಮಾಳೂ ಹತ್ತಿ ಕೂತರು. ಏಳನೆಯ ತಿರುವಿನಲ್ಲಿ ಕಾರು ಕರಿ ಹೊಗೆ ಉಗುಳಿ ನಿಂತುಬಿಟ್ಟಿತು. ಕಣ್ಣಮ್ಮಾಳ್ ಮಂಜಿನಲ್ಲಿ ರಸ್ತೆಯಂಚಿನ ಗೋಡೆ ಹಿಡಿದು ನಡೆದು, ಕಾಲು ಉಳುಕಿಸಿಕೊಂಡರು. ಕಾರು ತೆವಳುತ್ತ ತಮ್ಮೂರು ಆಂಡಿಪಟ್ಟಿಗೆ ಮರಳಿದಾಗ ಮುರುಗನ್ ಏನಾಯಿತೆಂದು ಕೇಳಲೇ ಇಲ್ಲ. ಟೀ ಅಂಗಡಿಯ ಮುಂದೆ, ನೆಂಟರ ನಡುವೆ ನಿಂತು, "ಗೊಬ್ಬರ ಉಳಿಸ್ಕೊಂಡು ಎತ್ತ ತಾಯಿನ ರೋಡ್ನಾಗೆ ಇಳಿಸಿದವ್ನು ಇವ್ನು" ಎಂದ. ರಾಜ್‌ಕುಮಾರ್ ಬಾಯಿ ತೆರೆದ. ಮುರುಗನ್ ಅವನನ್ನು ಮಾತಾಡಲು ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರನ್ನು ಬೋಡಿನಾಯಕನೂರಿನ ಪಾಂಡಿಯರಾಜನ್ ಬಳಿಗೆ ಒಯ್ದ. ಪಾಂಡಿಯರಾಜನ್ ಅವರದೇ ಜನದ ಮೆಕ್ಯಾನಿಕ್, ಮನೆಮಾತು ಕನ್ನಡವೇ. ಕೀಲಿ ಕೊಡುವ ಮೊದಲೇ ಮುರುಗನ್ ತೀರ್ಪು ಕೊಟ್ಟ.

"ಕ್ಲಚ್ ಓಗ್ಯದೆ. ಮೂಟೆ ತುಂಬಿ ಸುಟ್ಟವ್ನೆ ನನ್ನ ಮಚ್ಚಾನ್, ಎಂಡ್ತಿ ತಮ್ಮ."

ರೋಗ ಯಾವುದೆಂದು ಮಾಲೀಕನ ಬಾಯಿಂದ ಕೇಳುವ ಪೈಕಿಯವನಲ್ಲ ಪಾಂಡಿಯರಾಜನ್. ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಎಂಜಿನ್ ಪಟ್ಟನೆ ನಿಂತಿತು.

"ಕ್ಲಚ್ ಗಟ್ಟಿಯಾಗೇ ಅದೆ ಅಣ್ಣ. ಜಾರೋದಾದ್ರೆ ಇಂಗೆ ನಿಲ್ತಿರ್ಲಿಲ್ಲ."

ಡೀಸೆಲ್ ಫಿಲ್ಟರ್ ನೋಡಿದ, ಪೈಪುಗಳನ್ನು ಕೈಯಿಂದ ಸವರಿ ನೋಡಿದ. ಮತ್ತೆ ಎಂಜಿನ್ ಹೊತ್ತಿಸಿ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಹಿಂದಿನಿಂದ ಕರಿ ಹೊಗೆ ಬುಸುಬುಸು ಬಂತು.

"ಡೀಸಲ್ ಬರ್ತಾದೆ, ಗಾಳಿ ಬರ್ತಿಲ್ಲ. ವಂಡಿಗೆ ಉಸುರು ಕಟ್ಕೊಂಡದೆ."

ಬಾನೆಟ್ಟಿನಡಿಯ ಕಪ್ಪು ಡಬ್ಬದ ಕ್ಲಿಪ್ಪು ಬಿಚ್ಚಿ ಗಾಳಿಯ ಫಿಲ್ಟರ್ ಹೊರತೆಗೆದ. ಕಾಗದದ ಫಿಲ್ಟರ್, ಒಣಗಿ ಹಗುರವಾಗಿರಬೇಕಾದ್ದು. ಇದು ತೊಯ್ದ ಗೋಣಿಯಂತೆ ಜೋತು ಬಿದ್ದಿತ್ತು. ಮಡಿಕೆಗಳಲ್ಲೆಲ್ಲ ಎಣ್ಣೆ, ಎಣ್ಣೆಯ ಮೇಲೆ ಆಂಡಿಪಟ್ಟಿಯ ಕೆಂಪು ಧೂಳು ಕೆಸರಾಗಿ ಮೆತ್ತಿಕೊಂಡಿತ್ತು.

"ಯಾವ ಪುಣ್ಯಾತ್ಮ ಅಣ್ಣ ಇದ್ಕೆ ಎಣ್ಣೆ ಉಯ್ದವ್ನು?"

ಮುರುಗನ್‌ಗೆ ಮನೆಯ ಟ್ರಾಕ್ಟರ್ ನೆನಪಾಯಿತು.

ಅಪ್ಪ ಚಿನ್ನಯ್ಯನ ಕಾಲದಿಂದ ಅವರ ಮನೆಯಲ್ಲಿ ಒಂದು ಟ್ರಾಕ್ಟರ್. ಅದರ ಗಾಳಿ ಫಿಲ್ಟರಿನ ಕೆಳಗೊಂದು ಬಟ್ಟಲು. ತಿಂಗಳಿಗೊಮ್ಮೆ ಅದರಲ್ಲಿ ಹೊಸ ಎಣ್ಣೆ ತುಂಬಬೇಕು, ಆ ಎಣ್ಣೆಯೇ ಧೂಳು ಹಿಡಿಯುವುದು. ಮೂವತ್ತು ವರ್ಷ ಟ್ರಾಕ್ಟರ್ ಉಳಿದದ್ದೇ ಹಾಗೆ ಎಂದು ಮುರುಗನ್ ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ರಾಜ್‌ಕುಮಾರ್ ಕಾರು ಒಯ್ಯುವ ಹಿಂದಿನ ಸಂಜೆ ಟ್ರಾಕ್ಟರಿಗೆ ಎಣ್ಣೆ ಹಾಕಿ ಮಿಕ್ಕದ್ದನ್ನು ಕೈಯಲ್ಲಿ ಹಿಡಿದು ಕಾರಿನ ಡಬ್ಬ ತೆರೆದಿದ್ದ. ಬಟ್ಟಲು ಕಾಣಲಿಲ್ಲ. ಕಂಡದ್ದು ಕಾಗದ. ಅತ್ತೆ ಕೂರುವ ಕಾರು, ಚೆನ್ನಾಗಿರಲಿ ಎಂದು ಧಾರಾಳವಾಗಿ ಸುರಿದಿದ್ದ.

"ತಗೊಂಡೋದವ್ನೇ ಉಯ್ದಿರ್ಬೇಕು" ಎಂದ ಪಾಂಡಿಯರಾಜನ್.

"ಹೂಂ" ಎಂದುಬಿಟ್ಟ ಮುರುಗನ್. ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಪಾಂಡಿಯರಾಜನ್ ಡಬ್ಬದೊಳಗೆ ಒರೆಸಿ, ಗಾಳಿ ಅಳೆಯುವ ಸೆನ್ಸರನ್ನು ಔಷಧಿ ಸಿಂಪಡಿಸಿ ತೊಳೆದು, ಹೊಸ ಫಿಲ್ಟರ್ ಕೂರಿಸಿದ. ಊರು ದಾಟುತ್ತಲೇ ಕಾರು ಮೊದಲಿನಂತೆ ಎಗರಿ ಓಡಿತು. ಖುಷಿಪಡಬೇಕಾದ ಹೊತ್ತು. ಆದರೆ ಮುರುಗನ್‌ಗೆ ತಾನು ಅಂದ ಆ "ಹೂಂ" ಮತ್ತೆ ಮತ್ತೆ ಕೇಳಿಸಿತು. ರಾಜ್‌ಕುಮಾರ್‌ನದು ಎಳ್ಳಷ್ಟೂ ತಪ್ಪಿರಲಿಲ್ಲ. ಈಗ ಅವನ ಮೇಲೆ ಇನ್ನೊಂದು ತಪ್ಪನ್ನೂ ಹೊರಿಸಿ ಬಂದಿದ್ದ. ನಾಚಿಕೆಯಿಂದ ಕಿವಿ ಸುಟ್ಟವು. ನಡುದಾರಿಯಲ್ಲಿ ಕಾರು ತಿರುಗಿಸಿ, ಪಾಂಡಿಯರಾಜನ್ ಮುಂದೆ ನಿಂತು, "ಉಯ್ದವ್ನು ನಾನೇ ಕಣಪ್ಪ" ಎಂದ. ಅವನು ನಗುವ ಮೊದಲೇ ಹೊರಟು ತೇವಾರದ ದಾರಿಯಲ್ಲಿ ಕೊಂಬೈಗೆ ಕಾರು ಓಡಿಸಿದ.

ಕಣ್ಣಮ್ಮಾಳ್ ಜಗುಲಿಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ರಾಜ್‌ಕುಮಾರ್. ಮುರುಗನ್ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ, ಎಣ್ಣೆ ಸುರಿದದ್ದು, ಮೆಕ್ಯಾನಿಕ್ ಎದುರು ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. "ತಪ್ಪಾಯ್ತು ಅತ್ತೆ" ಎಂದ.

"ಮೊದ್ಲು ಇಳಿಸಿದ್ದು ಮೂಟೆನ ಬಾವ" ಎಂದ ರಾಜ್‌ಕುಮಾರ್, ದನಿ ಏರಿಸದೆ. "ನಾಕನ್ನೂ ರೋಡ್ ಮೇಲೆ ಇಳಿಸ್ದೆ. ಆಗ್ಲೂ ಏರ್ಲಿಲ್ಲ. ಆಮೇಲೆ ಅಮ್ಮನೇ ಇಳಿದ್ಳು, ನಾನು ಬೇಡ ಅಂದ್ರೂ ಕೇಳ್ದೆ. ಇದ ಏಳಕ್ಕೆ ಅಂತ್ಲೇ ಅವತ್ತು ಬಾಯಿ ತೆರೆದಿದ್ದು."

"ಭಾನುವಾರ ಬಾ ರಾಜ್‌ಕುಮಾರ್. ನಾನೇ ಬಂದು ಕರ್ಕೊಂಡೋಗ್ತೀನಿ."

ರಾಜ್‌ಕುಮಾರ್ ತಾಯಿಯ ಕಾಲಿನ ಕಡೆ ನೋಡಿದ.

"ಬರ್ತೀನಿ. ಅಕ್ಕನ ಮಗ್ಳು ಬೇರೆಯವ್ರ ಮಡಿಲ್ನಾಗೆ ಕೂರ್ಬಾರ್ದು. ಸೀರೆ, ಓಲೆ ಎಲ್ಲ ತರ್ತೀನಿ. ಬಸ್ನಾಗೆ ಬರ್ತೀನಿ." ಕೊನೆಗೆ ಹೇಳಿದ, "ಊಟಕ್ಕೆ ನಂಗೆ ಎಲೆ ಆಕ್ಬೇಡಿ."

ಮುರುಗನ್ ಅತ್ತೆಯ ಕಡೆ ನೋಡಿದ. ಕಣ್ಣಮ್ಮಾಳ್ ಮಗನನ್ನು ಗದರಲಿಲ್ಲ.

"ಸರಿ" ಎಂದು ಮುರುಗನ್ ಕಾರು ಹತ್ತಿದ. ಬಂದ ಕೆಲಸ ಆಗಿತ್ತು, ಮಗಳಿಗೆ ಮಡಿಲು ಸಿಕ್ಕಿತ್ತು. ಮನೆಗೆ ಹೋಗಿ ಹೇಳಿದರೆ ಹನ್ನೊಂದು ದಿನದ ಮೇಲೆ ಮುತ್ತುಸೆಲ್ವಿ ಬಾಯಿ ಬಿಡುತ್ತಾಳೆ. ಅವಳು ಮೊದಲು ಏನು ಕೇಳುತ್ತಾಳೆಂದೂ ಅವನಿಗೆ ಗೊತ್ತಿತ್ತು: "ತಮ್ಮ ಉಣ್ತಾನಾ?"